ಸರೋಜಕ್ಕನ ಹಸಿರು ಕಾರು ವಿಟ್ಬಿಗೆ ಹೋದದ್ದು

2002ರ ಆಗಸ್ಟ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ ನಾವು ಕೆನಡಾದ ನಮ್ಮ ಊರು ಥಾರ್ನ್‌ಹಿಲ್ ಬಿಟ್ಟೆವು. ಹುಲ್ಲಿನ ಮೇಲೆ ಇನ್ನೂ ಇಬ್ಬನಿ ಇತ್ತು. ಮಧ್ಯಾಹ್ನ ಬೇಯಿಸುವ ಹಾಗೆ ಸೆಕೆಯಾಗುತ್ತದೆಂದು ರೇಡಿಯೋದವರು ಹೇಳಿದ್ದರು. ಕಾರು ನಡೆಸುತ್ತಿದ್ದವರು ಸರೋಜಕ್ಕ. ಪಕ್ಕದಲ್ಲಿ ನಾನು. ಹಿಂದಿನ ಸೀಟಿನಲ್ಲಿ ಬುತ್ತಿಯ ಚೀಲ, ಕಾಫಿಯ ಫ್ಲಾಸ್ಕು, ನಮ್ಮ ಯಜಮಾನರು ನಾಗರಾಜ್. ಬುತ್ತಿಯಲ್ಲಿ ನನ್ನ ಪುಳಿಯೋಗರೆ, ಮೊಸರನ್ನ. ಸರೋಜಕ್ಕನ ಚಪಾತಿ, ಶೇಂಗಾ ಚಟ್ನಿಪುಡಿ. ಮೂರು ಜನಕ್ಕೆ ಆರು ಜನರ ಊಟ. ಅರ್ಧ ದಿನದ ಪ್ರಯಾಣಕ್ಕೂ ನಾವು ಕಾಶಿಗೆ ಹೊರಟವರ ಹಾಗೆ ಕಟ್ಟಿಕೊಳ್ಳುತ್ತೇವೆ.

ನಾನು ನಾಲ್ಕು ನಿಂಬೆಹಣ್ಣನ್ನೂ ತಂದಿದ್ದೆ. ಹೊರಡುವ ಮುಂಚೆ ಚಕ್ರದ ಕೆಳಗಿಡಲು ಬಗ್ಗಿದಾಗ ಸರೋಜಕ್ಕ ತಡೆದಿದ್ದರು.

"ಈಗ ಬ್ಯಾಡ ವಿಮಲಾ. ಅಲ್ಲೆ ಇಡೋಣು. ಕೊನೀ ಸಲ ನಡಸೋ ಮುಂದ."

ಸರೋಜಕ್ಕ ನಮ್ಮ ಎದುರು ಮನೆಯವರು. ಧಾರವಾಡದವರು, ಹೆರಿಗೆ ಡಾಕ್ಟರು. 1966ರಲ್ಲಿ ಈ ದೇಶಕ್ಕೆ ಬಂದು, ನ್ಯೂಮಾರ್ಕೆಟ್ ಕಡೆಯ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಬಂದ ವರ್ಷವೇ ಕೊಂಡ ಕಾರು ಇದು. ಆಗಲೇ ಐದು ವರ್ಷ ಹಳೆಯದಾಗಿದ್ದ, ಡೆಟ್ರಾಯಿಟಿನಲ್ಲಿ ಹುಟ್ಟಿದ ಹಡಗಿನಂಥ ಗಾಡಿ. ಕೊತ್ತಂಬರಿ ಚಟ್ನಿಗೆ ಮೊಸರು ಕಲಸಿದ ಬಣ್ಣ. ಹಿಂಬದಿಗೆ ಮೀನಿನ ರೆಕ್ಕೆಗಳಂತೆ ಎರಡು ಚೂಪು. ಗೇರು ಸ್ಟೀರಿಂಗಿನ ಕತ್ತಿಗೇ ಅಂಟಿಕೊಂಡಿರುತ್ತದೆ. ಕ್ಲಚ್ಚು ಒತ್ತಲು ಒಂದು ಆಳಿನ ಬಲ ಬೇಕು. ಮೊದಲ ಎಂಟು ಚಳಿಗಾಲ ಹಿಮದಲ್ಲಿ, ಹೊತ್ತಲ್ಲದ ಹೊತ್ತಿನಲ್ಲಿ, ಹೆರಿಗೆಗಳಿಗೆ ಓಡಿದ್ದು ಇದರಲ್ಲೇ. ಆಮೇಲೆ ಚಳಿಗಾಲಕ್ಕೆ ಬೇರೆ ಸಣ್ಣ ಕಾರು ಬಂತು, ಇದು ಗ್ಯಾರೇಜಿನಲ್ಲಿ ಉಳಿಯಿತು. ಪ್ರತಿ ಆಯುಧಪೂಜೆಗೆ ಸ್ಟೀರಿಂಗಿನ ನಡುವೆ ಕುಂಕುಮ ಇಟ್ಟು ಇಟ್ಟು, ಅಲ್ಲಿ ಈಗ ತೊಳೆದರೂ ಹೋಗದ ಒಂದು ಕೆಂಪು ಬೊಟ್ಟು ನಿಂತುಬಿಟ್ಟಿದೆ.

ಅವರ ಯಜಮಾನರು ಶ್ರೀನಿವಾಸರಾಯರು ತೀರಿಕೊಂಡು ನಾಲ್ಕು ವರ್ಷವಾಯಿತು. ಧಾರವಾಡದಲ್ಲಿ ಮೇಷ್ಟರಾಗಿದ್ದವರು, ಇಲ್ಲಿ ಲೈಬ್ರರಿಯೊಂದರಲ್ಲಿ ಕೆಲಸ ಮಾಡಿದರು. ಅವರು ಜೀವಮಾನದಲ್ಲಿ ಕಾರು ನಡೆಸಲಿಲ್ಲ. ಕಲಿಯುವ ಮನಸ್ಸೂ ಮಾಡಲಿಲ್ಲ. ಪಕ್ಕದ ಸೀಟಿನಲ್ಲಿ ಬುತ್ತಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ನಕ್ಷೆ ಬಿಡಿಸಿಕೊಂಡು, "ಮುಂದಿಂದು ಎಡಕ್ಕರಿ ಡಾಕ್ಟರ" ಎಂದು ಹೇಳುತ್ತ ಕೂಡುವುದು ಅವರ ಕೆಲಸ. ಹೆಂಡತಿಯನ್ನು ಅವರು ಕರೆಯುತ್ತಿದ್ದದ್ದೇ ಹಾಗೆ.

ಈಗ ಸರೋಜಕ್ಕನ ಕಣ್ಣು ಮಂಜಾಗುತ್ತಿದೆ. ಈ ತಿಂಗಳ ಕೊನೆಗೆ ಲೈಸೆನ್ಸು ತಾವಾಗಿಯೇ ಮರಳಿಸುತ್ತೇನೆಂದು ಕಣ್ಣಿನ ಡಾಕ್ಟರಿಗೆ ಮಾತು ಕೊಟ್ಟಿದ್ದಾರೆ. ಕಾರನ್ನು ವಿಟ್ಬಿ ಎಂಬ ಊರಿನ ವಯಸ್ಸಾದ ಗಂಡಹೆಂಡಿರಿಬ್ಬರು ಕೊಂಡಿದ್ದರು. ಹಳೆಯ ಕಾರೆಂದರೆ ಪ್ರಾಣ ಬಿಡುವವರು. ಅವರ ಊರ ಪಕ್ಕದ ಮೈದಾನದಲ್ಲೇ ಈ ಶನಿವಾರ ಹಳೆಯ ಅಮೆರಿಕನ್ ಕಾರುಗಳ ಪ್ರದರ್ಶನ. ಅಲ್ಲಿ ಪ್ರತಿ ಕಾರಿನದೂ ಫೋಟೋ ತೆಗೆಯುತ್ತಾರೆ, ಚೆನ್ನಾಗಿ ಬಂದದ್ದು ಬರುವ ವರ್ಷದ ಕ್ಯಾಲೆಂಡರಿಗೆ ಹೋಗುತ್ತದೆ, ನಿಮ್ಮ ಕೈಯಲ್ಲೇ ಕೊನೆಯ ಸಲ ಓಡಿಸಿಕೊಂಡು ಬನ್ನಿ, ಸಂಜೆ ಅಲ್ಲೇ ಕೀಲಿ ಕೊಡಿ ಎಂದು ಅವರೇ ಹೇಳಿದ್ದರು. ಸರೋಜಕ್ಕ ಒಪ್ಪಿದ್ದು ಆ ಫೋಟೋದ ಆಸೆಗೆ.

ಟೋಲ್ ರಸ್ತೆಯಲ್ಲಿ ಹೋದರೆ ಬೇಗ ಎಂದು ನಾಗರಾಜ್ ಹಿಂದಿನಿಂದ ಹೇಳಿದರು.

"ಹಿಂದಿಂದ ನಂಬರ್ ಪ್ಲೇಟಿಂದು ಫೋಟೋ ಹೊಡೀತಾರ, ಮ್ಯಾಲ ರೊಕ್ಕಾ ಕೇಳತಾರ. ಗಾಡಿ ಯಾರು ನಡಸ್ತಾರ ಅನ್ನೋದು ಅದರಾಗೂ ಕಾಣಂಗಿಲ್ಲ. ಬ್ಯಾಡಪ್ಪ," ಎಂದರು ಸರೋಜಕ್ಕ. ಹೀಗಾಗಿ ಹೈವೇ ಸೆವೆನ್ ಹಿಡಿದು ಮೆಲ್ಲಗೆ ಹೊರಟೆವು.

ಮಾರ್ಕಮ್ ದಾಟಿದ ಮೇಲೆ ರಸ್ತೆ ಬರಿದಾಯಿತು. ಎರಡೂ ಕಡೆ ಜೋಳದ ಹೊಲ, ನಡುವೆ ಹೊಸ ಮನೆಗಳಿಗೆ ಅಗೆದ ಮಣ್ಣಿನ ಗುಡ್ಡೆ. ಎದುರಿನಿಂದ ಬರುವವರು ಹಾರ್ನ್ ಮಾಡಿ ಕೈ ಬೀಸುತ್ತಿದ್ದರು. ಸರೋಜಕ್ಕ ಎರಡೂ ಕೈಯನ್ನು ಸ್ಟೀರಿಂಗಿನಿಂದ ತೆಗೆಯದೆ ಗಲ್ಲದಲ್ಲೇ ಉತ್ತರ ಕೊಡುತ್ತಿದ್ದರು. ಫೋಟೋದ ವಿಚಾರ ಅವರು ನನಗೆ ಹೇಳಿದ್ದು ಆ ದಾರಿಯಲ್ಲಿ.

"ನಾ ಗಾಡಿ ನಡಸೋದು ಒಂದ ಫೋಟೋನೂ ಇಲ್ಲ, ಗೊತ್ತದ ಏನು?"

ನಾನು ನಂಬಲಿಲ್ಲ. ಮೂವತ್ತಾರು ವರ್ಷದಲ್ಲಿ ಒಂದೂ ಇಲ್ಲವೇ?

"ತಗದದ್ದು ಭಾಳ ಅವ. ಗಾಡಿ ಮದಲನೇ ದಿನ ಮನೀಗೆ ಬಂತಲ್ಲ, ಹಾರ ಹಾಕಿದ್ವಿ. ನಮ್ಮ ಮಂದೀನ ನಾಲ್ಕ ಜನ ಬಂದಿದ್ರು. ಒಬ್ಬರು ಕ್ಯಾಮೆರಾ ಹಿಡಕೊಂಡು, 'ಡಾಕ್ಟರೇ, ನೀವು ಬಾಗಿಲ ಹತ್ರ ನಿಂತ್ಕೊಳ್ಳಿ, ರಾಯರು ಸ್ಟೀರಿಂಗ್ ಹಿಡೀಲಿ. ಊರಿಗೆ ಹೋಗೋ ಫೋಟೋ ಇದು' ಅಂದ್ರು. ಇವರು ಪಾಪ, ಸ್ಟೀರಿಂಗ್ ಹೆಂಗ ಹಿಡೀಬೇಕು ಅಂತ ನನ್ನನ್ನ ಕೇಳಿ ಹಿಡಕೊಂಡ್ರು! ಆ ಫೋಟೋ ಧಾರವಾಡದ ಮನಿ ಪಡಸಾಲ್ಯಾಗ ಇನ್ನೂ ತೂಗಾಡ್ಲಿಕ್ಕತ್ತದ. ನಮ್ಮ ಅತ್ತಿ ಸಾಯೋತನಕ ಬಂದವರಿಗೆಲ್ಲ ತೋರಿಸಿದ್ರು, 'ನನ್ನ ಮಗ ಕೆನಡಾದಾಗ ಮೋಟರು ನಡಸ್ತಾನ' ಅಂತ. ನಾ ಪಕ್ಕಕ್ಕ ನಿಂತೇನಿ, ಸೆರಗ ಹೊದ್ದು, ನಕ್ಕೋತ."

ಅವರು ನಗುತ್ತ ಹೇಳಿದರು. ನನಗೆ ನಗು ಬರಲಿಲ್ಲ. ಹಿಂದಿನ ಸೀಟು ಯಾಕೋ ಬಹಳ ಗಂಭೀರವಾಗಿ ಕಿಟಕಿಯಾಚೆ ನೋಡುತ್ತಿತ್ತು.

ಬ್ರೌಗಮ್ ಎಂಬ ಸಣ್ಣ ಊರಿನ ಹತ್ತಿರ ಪೆಟ್ರೋಲಿಗೆ ನಿಂತೆವು. ಬಂಕಿನ ಮುದುಕ ಕಾರನ್ನು ಕಂಡದ್ದೇ ಟೋಪಿ ತೆಗೆದ. ಸುತ್ತ ಒಂದು ಪ್ರದಕ್ಷಿಣೆ ಹಾಕಿ, ನೇರ ಹಿಂದಿನ ಕಿಟಕಿಗೆ ಬಂದು ನಾಗರಾಜ್ ಕೈ ಕುಲುಕಿದ. ಎಂಥ ಕಾರು ಸಾರ್ ನಿಮ್ಮದು, ಈಗ ಇಂಥದ್ದು ಯಾರು ಮಾಡುತ್ತಾರೆ, ಆ ಕಾಲವೇ ಚಿನ್ನದ ಕಾಲ ಎಂದು ಐದು ನಿಮಿಷ ಮಾತಾಡಿದ. ಸ್ಟೀರಿಂಗ್ ಹಿಡಿದು ಕೂತವರು ಒಬ್ಬರಿದ್ದಾರೆ ಎಂಬುದು ಅವನಿಗೆ ಹೊಳೆದದ್ದು ದುಡ್ಡು ಈಸಿಕೊಳ್ಳುವಾಗ. ನಾಗರಾಜ್ "ಥ್ಯಾಂಕ್ಯೂ, ಥ್ಯಾಂಕ್ಯೂ" ಎಂದರೇ ಹೊರತು, ಕಾರು ನನ್ನದಲ್ಲ ಎನ್ನಲಿಲ್ಲ.

"ಏನ್ರೀ, ನಿಮ್ಮದೇ ಅಂತ ಒಪ್ಕೊಂಡ್ಬಿಟ್ರಲ್ಲ?" ಎಂದೆ.

"ಪಾಪ ಮುದುಕ, ಅಷ್ಟು ಖುಷೀಲಿದ್ದ. ಯಾಕೆ ಸುಮ್ನೆ ಕರೆಕ್ಟ್ ಮಾಡೋದು?"

"ಚಿನ್ನದ ಕಾಲದಾಗೂ ಹಿಂಗ ಇತ್ತು," ಎಂದರು ಸರೋಜಕ್ಕ, ಗೇರು ಎಳೆಯುತ್ತ. "ಈ ಗಾಡಿ ಕೊಳ್ಳಾಕ ಹೋದಾಗ, ಗಂಡನ್ನ ಕರಕೊಂಡು ಬಾರಮ್ಮ ಅಂದಾ ಅಂಗಡ್ಯಾಂವ. ಕರಕೊಂಡು ಹೋದೆ. ಇವರು 'ನನಗ ನಡಸ್ಲಿಕ್ಕೆ ಬರಂಗಿಲ್ಲ, ಆಕೀನ್ನ ಕೇಳು' ಅಂದ್ರು. ಅಂವ ಒಂದ ತಾಸು ಇವರ ಜೋಡೀನ ಮಾತಾಡಿದ. ಎಂಜಿನ್ ಹಂಗ, ಬ್ರೇಕ್ ಹಿಂಗ. ಇವರು ಹೂಂ ಹೂಂ ಅಂದು, ಕಡೀಕ 'ಬಣ್ಣ ಚಂದದ' ಅಂದ್ರು ನೋಡು!"

ವಿಟ್ಬಿಯ ಉತ್ತರಕ್ಕಿರುವ ಮೈದಾನ ಮುಟ್ಟುವಾಗ ಹತ್ತು ಗಂಟೆಯ ಮೇಲಾಗಿತ್ತು. ಐವತ್ತು ಕಿಲೋಮೀಟರಿಗೆ ಎರಡು ಗಂಟೆ. ನೋಡುವವರಿಗೆ ತಲೆಗೆ ಐದು ಡಾಲರ್, ಕಾರು ತಂದವರಿಗೆ ಪುಕ್ಕಟೆ. ಸಾಲು ಸಾಲಾಗಿ ಕೆಂಪು, ಹಳದಿ, ಆಕಾಶ ಬಣ್ಣದ ಕಾರುಗಳು ಬಾಯಿ ತೆರೆದು ಬಿಸಿಲು ಕಾಯುತ್ತಿದ್ದವು. ಧ್ವನಿವರ್ಧಕದಲ್ಲಿ ಹಳೆಯ ಹಾಡು, ಗಾಳಿಯಲ್ಲಿ ಹುರಿದ ಈರುಳ್ಳಿ ವಾಸನೆ. ನಿಜ ಹೇಳಬೇಕೆಂದರೆ, ಮೊದಲ ಅರ್ಧ ಗಂಟೆ ನನಗೂ ಕಣ್ಣಿಗೆ ಹಬ್ಬವೇ ಆಯಿತು. ಕ್ರೋಮಿನ ಬಂಪರುಗಳು ಹಬ್ಬಕ್ಕೆ ಬೆಳಗಿಟ್ಟ ಹಿತ್ತಾಳೆ ಪಾತ್ರೆಗಳ ಹಾಗೆ ಹೊಳೆಯುತ್ತಿದ್ದವು.

ಪ್ರತಿ ಕಾರಿನ ಪಕ್ಕದಲ್ಲೂ ಅದರ ಕಾಲದ ಜಾಹೀರಾತನ್ನು ದೊಡ್ಡದು ಮಾಡಿ ಹಲಗೆಗೆ ಅಂಟಿಸಿ ನಿಲ್ಲಿಸಿದ್ದರು. ನಾನು ಒಂದೊಂದನ್ನೇ ಓದುತ್ತ ಹೋದೆ. ಓದುತ್ತ ಹೋದ ಹಾಗೆ ಹಬ್ಬ ಇಳಿಯಿತು.

ಒಂದರಲ್ಲಿ ಗಂಡಸು ಟೋಪಿ ಹಾಕಿ ಸ್ಟೀರಿಂಗ್ ಹಿಡಿದಿದ್ದಾನೆ, ಮುತ್ತಿನ ಸರ ಹಾಕಿದ ಹೆಂಗಸು ಕಾರಿನ ಬಾಗಿಲಿಗೆ ಗಲ್ಲವೂರಿ ಅವನನ್ನು ದೇವರ ಹಾಗೆ ನೋಡುತ್ತಿದ್ದಾಳೆ. ಇನ್ನೊಂದರಲ್ಲಿ ಅಡುಗೆಮನೆಯ ಏಪ್ರನ್ನಿನ ಬಣ್ಣವೂ ಕಾರಿನ ಬಣ್ಣವೂ ಒಂದೇ. ಎರಡನ್ನೂ ಅವಳಿಗೆ ಕೊಡಿಸಿದ್ದು ಅವನೇ. ಮತ್ತೊಂದರಲ್ಲಿ, ಈ ಕಾರನ್ನು ನಿಲ್ಲಿಸುವುದು ಎಷ್ಟು ಸುಲಭವೆಂದರೆ ನಿಮ್ಮ ಹೆಂಡತಿಗೂ ಸಾಧ್ಯ ಎಂದು ಬರೆದು, ಕೆಳಗೆ ಒಬ್ಬಳು ಬಾಯಿ ಮುಚ್ಚಿಕೊಂಡು ಆಶ್ಚರ್ಯಪಡುತ್ತಿದ್ದಾಳೆ. ಜನ ಅದರ ಮುಂದೆ ನಿಂತು "ಎಷ್ಟು ಮುದ್ದಾಗಿದೆ" ಎಂದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಂದು ಹಲಗೆಯಲ್ಲೂ ನಮ್ಮ ಬಣ್ಣದವರಿಲ್ಲ. ಅದಿರಲಿ. ಆ ಚಿತ್ರ ಬರೆಸಿದ ಕೆಲವೇ ವರ್ಷಗಳಲ್ಲಿ, ಅಂಥದೇ ಕಾರಿನಲ್ಲಿ, ಹಿಮ ಕೆರೆದುಕೊಂಡು, ಯಾರದೋ ಮಗುವನ್ನು ಭೂಮಿಗಿಳಿಸಲು ಓಡಿದವರು ನಮ್ಮ ಪಕ್ಕದಲ್ಲೇ ನಿಂತಿದ್ದಾರಲ್ಲ, ಅವರನ್ನು ಯಾವ ಹಲಗೆಯಲ್ಲಿ ಹುಡುಕುವುದು? ಹಳೆಯದು ಎಂದ ಮಾತ್ರಕ್ಕೆ ಮುದ್ದಾಗಿಬಿಡುತ್ತದೆಯೇ? ಹಳಸಿದ ಅನ್ನವನ್ನು ಯಾರಾದರೂ ಮುದ್ದು ಮಾಡುತ್ತಾರೆಯೇ?

ನಮ್ಮ ಕಾರು ನಿಲ್ಲಿಸಿದಲ್ಲಿಗೆ ಮರಳಿದರೆ, ಅಷ್ಟರಲ್ಲಿ ಅಲ್ಲೂ ಹಲಗೆ ನಿಂತಿತ್ತು. ಅದೇ ಗಲ್ಲವೂರಿದ ಹೆಂಗಸು, ಹಸಿರು ಟೋಪಿಯಲ್ಲಿ. ಅವಳ ಪಕ್ಕದಲ್ಲಿ ಮಾಲೀಕರ ಹೆಸರಿನ ಕಾರ್ಡು ನೆಟ್ಟಿದ್ದರು: ಡಾಕ್ಟರ್ ಅಂಡ್ ಮಿಸೆಸ್ ಶ್ರೀನಿವಾಸ್.

ಸರೋಜಕ್ಕ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು.

"ಇವರು ಯಾವಾಗ ಡಾಕ್ಟರ್ ಆದ್ರು?"

ನಾನು ನಾಗರಾಜ್ ಮುಖ ನೋಡಿದೆ. ಪ್ರದರ್ಶನದವರಿಗೆ ಫೋನ್ ಮಾಡಿ ಕಾರಿನ ಹೆಸರು ಬರೆಸಿದ್ದು ಇವರೇ.

"ಏನಂತ ಹೇಳಿದ್ರಿ ನೀವು?"

"ಡಾಕ್ಟರ ಕಾರು ಅಂದೆ. ಹೆಸರು ಕೇಳಿದ್ರು. ದೊಡ್ಡವರನ್ನ ಹೆಸರು ಹಿಡಿದು ಹೆಂಗೆ ಹೇಳೋದು? ಶ್ರೀನಿವಾಸ್ ಅಂತ ಲಾಸ್ಟ್ ನೇಮ್ ಕೊಟ್ಟೆ. ಮಿಸೆಸ್ ಕೂಡ ಬರ್ತಾರಾ ಅಂದ್ರು. ಬರ್ತಾರೆ ಅಂದೆ."

"ಮಿಸೆಸ್ಸೇ ಡಾಕ್ಟ್ರು ಅಂತ ಹೇಳಕ್ಕೆ ಬಾಯಿ ಇರ್ಲಿಲ್ವಾ?"

"ಅವರು ಕೇಳ್ಲಿಲ್ಲ ಕಣೆ."

ನಮ್ಮ ಜನದ ಮರ್ಯಾದೆಯ ಕಥೆ ಇದು. ಹಿರಿಯ ಹೆಂಗಸಿನ ಹೆಸರು ಬಾಯಲ್ಲಿ ಹೇಳಬಾರದು. ಹಾಗಾಗಿ ಅದು ಎಲ್ಲೂ ಬರುವುದೇ ಇಲ್ಲ. ಈ ದೇಶಕ್ಕೆ ಬರುವಾಗ ಮನೆತನದ ಹೆಸರು ಕೇಳಿದರೆಂದು ಗಂಡನ ಹೆಸರನ್ನೇ ಬಾಲವಾಗಿ ಕಟ್ಟಿಕೊಂಡ ಹೆಂಗಸರು ನಾವು. ಬಾಲವೇ ಕೊನೆಗೆ ಮುಖವಾಯಿತು.

ಸಂಘಟಕರಲ್ಲಿ ಒಬ್ಬ, ಹುಲ್ಲಿನ ಟೋಪಿಯವನು, ಮೈಕು ಹಿಡಿದೇ ಬಂದ. ಒಳ್ಳೆಯ ಮನುಷ್ಯನೇ ಇರಬೇಕು, ನಗು ಮುಖ. ನಾಗರಾಜರನ್ನು "ಡಾಕ್ಟರ್" ಎಂದು ಕರೆದು ಬೆನ್ನು ತಟ್ಟಿದ. ಫೋಟೋದ ನಿಯಮ ಹೇಳಿದ: ಆ ಕಡೆ ಹಲಗೆಯ ವೇದಿಕೆ ಇದೆ, ಹಿಂದೆ ಬಿಳಿ ಬೇಲಿಯ ಮನೆಯ ಪರದೆ ಇದೆ. ಪ್ರತಿ ಕಾರಿನವರೂ ತಮ್ಮ ಜಾಹೀರಾತು ಇದ್ದ ಹಾಗೇ ನಿಲ್ಲಬೇಕು. ಗಂಡಸರಿಗೆ ಟೋಪಿ, ಹೆಂಗಸರಿಗೆ ಬಿಳಿ ಕೈಗವಸು. ಜಾಹೀರಾತಿಗೆ ಯಾವುದು ಹತ್ತಿರವೋ ಅದು ಕ್ಯಾಲೆಂಡರಿಗೆ.

ಇವರು ಡಾಕ್ಟರಲ್ಲ, ಅವರು ಡಾಕ್ಟರು, ಕಾರೂ ಅವರದೇ ಎಂದೆ ನಾನು. ಅವನು ನಕ್ಕು ಸಾರಿ ಹೇಳಿದ. ಸರೋಜಕ್ಕನಿಗೆ ಬಗ್ಗಿ ನಮಸ್ಕಾರವನ್ನೂ ಮಾಡಿದ. ಮಾಡಿ, ಆದರೂ ಫೋಟೋಗೆ ಈ ಮಹನೀಯರೇ ಸ್ಟೀರಿಂಗಿಗೆ ಕೂತರೆ ಚೆನ್ನ, ಚಿತ್ರದಲ್ಲಿ ಹಾಗೇ ಇದೆಯಲ್ಲ ಎಂದ. ಒಂದು ಕಂದು ಟೋಪಿಯನ್ನು ನಾಗರಾಜ್ ತಲೆಗಿಟ್ಟ, ಒಂದು ಜೊತೆ ಕೈಗವಸನ್ನು ಸರೋಜಕ್ಕನ ಕೈಗಿಟ್ಟ. ಆಮೇಲೆ ಜೇಬಿನಿಂದ ಬಟ್ಟೆ ತೆಗೆದು, ಸ್ಟೀರಿಂಗಿನ ನಡುವಿನ ಕೆಂಪು ಬೊಟ್ಟನ್ನು ಒರೆಸಲು ಕೈ ಹಾಕಿದ.

ಸರೋಜಕ್ಕ ಅವನ ಮಣಿಕಟ್ಟು ಹಿಡಿದರು. ಸಾವಿರಾರು ಹೆರಿಗೆ ಮಾಡಿಸಿದ ಕೈ. ಅವನು ಬಟ್ಟೆ ಮಡಚಿ ಜೇಬಿಗಿಟ್ಟುಕೊಂಡ.

"ರೀ, ಟೋಪಿ ತೆಗೀರಿ," ಎಂದೆ.

"ಒಂದು ಫೋಟೋಗೆ ಯಾಕಿಷ್ಟು ಗಲಾಟೆ? ಅಕ್ಕ, ನಿಮ್ಮ ಕಾರೇ ಕ್ಯಾಲೆಂಡರಿಗೆ ಬರತ್ತೆ. ಯಾರು ಕೂತ್ರೆ ಏನು?"

ನನಗೆ ಮೈಯೆಲ್ಲ ಉರಿಯಿತು. ಯಾರು ಕೂತರೆ ಏನು! ಯಾರು ಕೂತರೂ ಒಂದೇ ಆಗಿದ್ದರೆ ಮೂವತ್ತಾರು ವರ್ಷದಲ್ಲಿ ಒಂದು ಸಲವಾದರೂ ಆ ಹೆಂಗಸನ್ನು ಕೂರಿಸಬಹುದಾಗಿತ್ತಲ್ಲ. ಇದನ್ನು ನಾನು ಬಾಯಿಬಿಟ್ಟು, ಮೈಸೂರಿನ ಮೆತ್ತನೆ ಮಾತಿನಲ್ಲೇ, ಆದರೆ ಅಕ್ಕಪಕ್ಕದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ.

ಸರೋಜಕ್ಕ ಮಾತ್ರ ಶಾಂತವಾಗಿದ್ದರು. "ವಿಮಲಾ, ಲಿಂಬಿಹಣ್ಣು ಇಡು," ಎಂದರು. "ನಾಗರಾಜ, ನೀ ಕೂಡಪಾ. ಆ ಹಲಗೀ ಮ್ಯಾಲ ಹತ್ತಿಸು ಗಾಡಿ. ಯಾರಿಗೆ ನಡಸ್ಲಿಕ್ಕೆ ಬರ್ತದ ಅವರು ಕೂಡಲಿ."

ನಾನು ನಾಲ್ಕು ಚಕ್ರದ ಮುಂದೂ ನಿಂಬೆಹಣ್ಣಿಟ್ಟೆ. ಏನೋ ನಡೆಯುತ್ತಿದೆಯೆಂದು ಜನ ಸೇರಿದರು. ಟೋಪಿ ಹಾಕಿದ ನಮ್ಮ ಯಜಮಾನರು ಒಳಗೆ ಕೂತು ಕೀಲಿ ತಿರುಗಿಸಿದರು. ಆಟೋಮ್ಯಾಟಿಕ್ ಕಾರಿಗೆ ಒಗ್ಗಿದ ಕಾಲು. ಕ್ಲಚ್ಚು ಒತ್ತಲು ಒದ್ದಾಡಿದರು, ಗೇರು ಎಲ್ಲಿದೆಯೆಂದು ನೆಲದಲ್ಲಿ ತಡಕಾಡಿದರು. ಕಾರು ಒಂದು ಸಲ ಕೆಮ್ಮಿ ನಿಂತಿತು. ಎರಡನೇ ಸಲ ಹಟ ಮಾಡುವ ಎಮ್ಮೆಯ ಹಾಗೆ ಹಿಂದಕ್ಕೆ ಜಗ್ಗಿ ನಿಂತಿತು. ಮೂರನೇ ಸಲವೂ ನಿಂತಾಗ ಜನ ಚಪ್ಪಾಳೆ ತಟ್ಟಿದರು. ನಿಂಬೆಹಣ್ಣುಗಳು ನಾಲ್ಕೂ ಇಟ್ಟ ಹಾಗೇ ದುಂಡಗಿದ್ದವು.

"ಇಳೀತೀ ಏನಪಾ, ಇಲ್ಲಾ ಇನ್ನೊಮ್ಮೆ ನೋಡ್ತೀ?"

ನಾಗರಾಜ್ ಇಳಿದರು. ಇಳಿದವರು ಟೋಪಿ ತೆಗೆದು ಹುಲ್ಲಿನ ಟೋಪಿಯವನ ಕೈಗೆ ಕೊಟ್ಟರು. ಅದಕ್ಕೆ ನಾನು ಅವರನ್ನು ಮುಕ್ಕಾಲು ಪಾಲು ಕ್ಷಮಿಸಿದೆ.

ಸರೋಜಕ್ಕ ಚಪ್ಪಲಿ ಕಳಚಿಟ್ಟು ಹತ್ತಿದರು. ಬರಿಗಾಲಲ್ಲೇ ನಡೆಸುವುದು ಅವರ ಅಭ್ಯಾಸ. ಕುಂಕುಮದ ಬೊಟ್ಟು ಮುಟ್ಟಿ ಕಣ್ಣಿಗೊತ್ತಿಕೊಂಡರು. ಗೇರು ಎಳೆದದ್ದೂ ಕಾಣಲಿಲ್ಲ. ಕಾರು ಬೆಣ್ಣೆಯ ಮೇಲೆ ಹೊರಟ ಹಾಗೆ ಹೊರಟಿತು, ನಾಲ್ಕು ನಿಂಬೆಹಣ್ಣೂ ಒಟ್ಟಿಗೆ ಪಚಕ್ಕೆಂದವು. ಕೆಳಗೆ ಒದ್ದೆ ಕಂಡು ಒಬ್ಬ ಮುದುಕ ಏನು ಸೋರಿತೋ ಎಂದು ಗಾಬರಿಯಿಂದ ಮೊಣಕಾಲೂರಿ ಮೂಸಿ ನೋಡಿದ. ಅಷ್ಟರಲ್ಲಿ ಕಾರು ಇಳಿಜಾರು ಹಲಗೆಯ ಮೇಲೆ ಹತ್ತಿ, ಪರದೆಯ ಬಿಳಿ ಬೇಲಿಯ ಮುಂದೆ ನೆಟ್ಟಗೆ ನಿಂತಿತ್ತು.

ಹುಲ್ಲಿನ ಟೋಪಿಯವನು ಚಪ್ಪಾಳೆ ಹೊಡೆಸಿದ. ಆಮೇಲೆ, ದಯವಿಟ್ಟು ಈಗ ಇಳಿದು ಬಾಗಿಲ ಹತ್ತಿರ ನಿಲ್ಲಿ ಎಂದ.

ಸರೋಜಕ್ಕ ಇಳಿಯಲಿಲ್ಲ. ಕಿಟಕಿಯಿಂದ ಕೈಗವಸನ್ನು ಹೊರಗೆ ಚಾಚಿ ವಾಪಸು ಕೊಟ್ಟರು. ಇಂಗ್ಲಿಷಿನಲ್ಲಿ, ಆಸ್ಪತ್ರೆಯ ದನಿಯಲ್ಲಿ, ನಾನು ಈ ಬಾಗಿಲ ಹತ್ತಿರ ಒಂದು ಸಲ ನಿಂತಾಗಿದೆ, ಅಷ್ಟು ಸಾಕು ಎಂದರು. ಹಾಗಾದರೆ ಜಾಹೀರಾತಿಗೆ ಹೊಂದುವುದಿಲ್ಲ, ಕ್ಯಾಲೆಂಡರಿಗೆ ಸೇರಿಸಲಾಗುವುದಿಲ್ಲ ಎಂದು ಅವನು ನಿಜವಾಗಿಯೂ ನೊಂದುಕೊಂಡು ಹೇಳಿದ. ಅವರ ಫೋಟೋದವನು ಕ್ಯಾಮೆರಾ ಕೆಳಗಿಳಿಸಿದ.

"ಬಿಡು," ಎಂದರು ಸರೋಜಕ್ಕ ನನ್ನ ಕಡೆ ತಿರುಗಿ. "ನಿನ್ನ ಕ್ಯಾಮೆರಾದಾಗ ರೀಲ್ ಅದ ಇಲ್ಲೋ?"

ಇತ್ತು. ಮಗಳ ಹುಟ್ಟುಹಬ್ಬಕ್ಕೆ ಹಾಕಿಸಿ ಉಳಿದದ್ದು. ನಾನು ಎದುರಿಗೆ ಹೋಗಿ ನಿಂತೆ. ಕಣ್ಣಿಗೆ ಹಿಡಿದಾಗ ಏನೋ ಕಡಿಮೆ ಅನಿಸಿತು. ಸರೋಜಕ್ಕನಿಗೂ ಅನಿಸಿರಬೇಕು. ಖಾಲಿ ಇದ್ದ ಪಕ್ಕದ ಸೀಟನ್ನು ಒಂದು ಸಲ ನೋಡಿದರು.

"ನಾಗರಾಜ, ಬಾ ಇಲ್ಲೆ. ಈ ಕಡೆ ಕೂಡು. ಆ ಬುತ್ತಿ ಚೀಲ ತೊಗೊಂಡು ತೊಡೀ ಮ್ಯಾಲ ಇಟಗೋ. ಎರಡೂ ಕೈಲೆ ಹಿಡಕೋ. ಹಾಂ, ಹಂಗ. ಇವರು ಹಂಗ ಕೂಡತಿದ್ರು."

ನಮ್ಮ ಯಜಮಾನರು ಚೀಲ ಅವಚಿಕೊಂಡು ಕೂತರು. ಸರೋಜಕ್ಕ ಮುಂದೆ ನೋಡಿದರು. ನಾನು ಒತ್ತಿದೆ. ರೀಲು ಮುಗಿಯುವವರೆಗೂ ಒತ್ತಿದೆ.

ಊಟವನ್ನು ಮೈದಾನದ ಅಂಚಿನ ಮೇಪಲ್ ಮರದ ನೆರಳಲ್ಲಿ ಮಾಡಿದೆವು. ಕಾರು ಕೊಂಡ ಗಂಡಹೆಂಡಿರೂ ಬಂದು ಕೂತು ಪುಳಿಯೋಗರೆ ತಿಂದು ನೀರು ಕುಡಿದರು. ಸಂಜೆ ನಾಲ್ಕಕ್ಕೆ ಕೀಲಿ ಕೈ ಬದಲಾಯಿತು. ಮೂರನೇ ಗೇರಿಗೆ ಅವಸರ ಮಾಡಬೇಡಿ, ಕೆಂಪು ಬೊಟ್ಟು ಒರೆಸಬೇಡಿ ಎಂದು ಎರಡೇ ಮಾತು ಹೇಳಿದರು ಸರೋಜಕ್ಕ, ಅದೂ ಹೆಂಡತಿಗೆ. ಆಕೆ ಒರೆಸುವುದಿಲ್ಲ ಎಂದಳು. ಹೊರಡುವ ಮುಂಚೆ ನಾನು ಹಲಗೆಯ ಹತ್ತಿರ ಹೋಗಿ ಆ ಮಾಲೀಕರ ಕಾರ್ಡನ್ನು ಕಿತ್ತು, ಎರಡು ತುಂಡು ಮಾಡಿ, ಕಸದ ಡಬ್ಬಿಗೆ ಹಾಕಿ ಬಂದೆ.

ಹೊಸ ಮಾಲೀಕರು ನಮ್ಮನ್ನು ತಮ್ಮ ವ್ಯಾನಿನಲ್ಲಿ ಬಸ್ ಸ್ಟಾಪಿಗೆ ಬಿಟ್ಟರು. ಅಲ್ಲಿಂದ ನಮ್ಮ ಮನೆ ಕಡೆಯ ಫಿಂಚ್ ನಿಲ್ದಾಣದವರೆಗೆ 'ಗೋ' ಎನ್ನುವ ಸರಕಾರಿ ಬಸ್ಸು. 401 ಹೆದ್ದಾರಿಯಲ್ಲಿ ಶನಿವಾರ ಸಂಜೆಯ ದಟ್ಟಣೆ, ಬಸ್ಸು ತೆವಳುತ್ತಿತ್ತು. ಎ.ಸಿ. ಹಲ್ಲು ಕಟಕಟಿಸುವಷ್ಟು ಜೋರು. ನಾಗರಾಜ್ ಖಾಲಿ ಬುತ್ತಿಯ ಚೀಲವನ್ನು ಇನ್ನೂ ತೊಡೆಯ ಮೇಲೇ ಇಟ್ಟುಕೊಂಡಿದ್ದರು. ಸರೋಜಕ್ಕ ಕಿಟಕಿಯ ಪಕ್ಕ ಕೂತು, ಬಸ್ಸಿನವನು ಬ್ರೇಕ್ ಒತ್ತಿದಾಗಲೆಲ್ಲ ತಾವೂ ಬಲಗಾಲು ಒತ್ತುತ್ತಿದ್ದರು.

"ಚಲೋ ಬಂದದ್ದು ಒಂದು ದೊಡ್ಡದು ಮಾಡಿಸಿ ಕೊಡವಾ," ಎಂದರು. "ಧಾರವಾಡಕ್ಕ ಕಳಸಬೇಕು. ಅಲ್ಲೆ ಈಗ ಮೈದುನನ ಸೊಸಿ ಇದ್ದಾಳ."

"ಆ ಹಳೇ ಫೋಟೋ ಪಕ್ಕದಲ್ಲಿ ಹಾಕ್ಲಿ ಅಂತಾನಾ ಅಕ್ಕ?"

ಸರೋಜಕ್ಕ ಹೊರಗೆ ನೋಡುತ್ತಲೇ ಹೇಳಿದರು:

"ಪಕ್ಕಕ್ಕ ಎಲ್ಲೆ ಜಾಗ ಅದ? ಆ ಗ್ವಾಡಿಗೆ ಒಂದ ಮೊಳಿ ಅದ. ಒಂದ ಫೋಟೋ ಹಿಡೀತದ."